ಕ್ರೀಟ್ ದ್ವೀಪಕ್ಕೆ ಯಾವಾಗ ಹೋಗಬೇಕು: ಬೇಸಿಗೆ ರಜೆಗೋ, ದಸರಾ ರಜೆಗೋ?

ಆಗಸ್ಟ್ 15 ನಮಗೆ ಸ್ವಾತಂತ್ರ್ಯ ದಿನ. ಗ್ರೀಸ್‌ನವರಿಗೆ ಅದು ಮೇರಿ ಮಾತೆಯ ದೊಡ್ಡ ಹಬ್ಬ. ಅಥೆನ್ಸ್‌ನ ಜನ ಮನೆಗೆ ಬೀಗ ಹಾಕಿ ತಮ್ಮ ಹುಟ್ಟೂರುಗಳಿಗೆ, ದ್ವೀಪಗಳಿಗೆ ಹೊರಟುಬಿಡುತ್ತಾರೆ. ಜರ್ಮನಿ, ಫ್ರಾನ್ಸ್, ಇಟಲಿ, ಇಂಗ್ಲೆಂಡಿನ ಶಾಲೆಗಳಿಗೂ ಆಗಲೇ ರಜೆ. ಹೀಗಾಗಿ ಗ್ರೀಸ್‌ನ ಅತಿ ದೊಡ್ಡ ದ್ವೀಪವಾದ ಕ್ರೀಟ್‌ನಲ್ಲಿ ಜನ, ದರ, ಬಿಸಿಲು, ಗಾಳಿ ನಾಲ್ಕೂ ಒಟ್ಟಿಗೆ ಏರುವುದು ಆಗಸ್ಟಿನಲ್ಲಿ. ತಮಾಷೆ ಅಂದರೆ ಟೂರ್ ಜಾಹೀರಾತುಗಳಲ್ಲಿ ನಾವು ನೋಡಿ ಆಸೆಪಡುವ ನೀಲಿ ಸಮುದ್ರದ ಚಿತ್ರಗಳೂ ಬಹುಪಾಲು ಅದೇ ಕಾಲದವು.

ನಮಗೊಂದು ಅನುಕೂಲ ಇದೆ. ಯುರೋಪಿನ ಶಾಲೆಗಳ ರಜೆಗೆ ನಾವು ಕಾಯಬೇಕಾಗಿಲ್ಲ. ಕರ್ನಾಟಕದ ಮಕ್ಕಳಿಗೆ ದೊಡ್ಡ ರಜೆ ಏಪ್ರಿಲ್‌–ಮೇ ತಿಂಗಳಲ್ಲಿ, ಇನ್ನೊಂದು ದಸರಾಕ್ಕೆ. ಕ್ರೀಟ್ ನೋಡಲು ಒಳ್ಳೆಯ ಕಾಲ ಯಾವುದು ಎಂದು ಲೆಕ್ಕ ಹಾಕಿದರೆ ಹೆಚ್ಚೂಕಡಿಮೆ ಈ ಎರಡೇ ಉಳಿಯುತ್ತವೆ. ಆದರೆ ಎರಡು ಸಲವೂ ಸಿಗುವುದು ಒಂದೇ ದ್ವೀಪ ಅಲ್ಲ ಅನ್ನುವಷ್ಟು ವ್ಯತ್ಯಾಸ ಇದೆ. ಅದು ಯಾಕೆ ಅಂತ ತಿಳಿಯಬೇಕಾದರೆ ಮೊದಲು ಅಲ್ಲಿನ ಮಳೆ, ಗಾಳಿ, ಸಮುದ್ರ ಮೂರನ್ನೂ ಬೇರೆ ಬೇರೆಯಾಗಿ ನೋಡಬೇಕು. ಮೂರೂ ಒಂದೇ ಪಂಚಾಂಗದ ಪ್ರಕಾರ ನಡೆಯುವುದಿಲ್ಲ.

ಇಲ್ಲಿ ಮುಂಗಾರು, ಅಲ್ಲಿ ಬಿಸಿಲು

ಕ್ರೀಟ್‌ನಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ನಮಗೆ ಪೂರ್ತಿ ಉಲ್ಟಾ. ಸಹಾರಾದಂಥ ಮರುಭೂಮಿಗಳ ಮೇಲೆ ಗಾಳಿ ಎತ್ತರದಿಂದ ಕೆಳಕ್ಕೆ ಇಳಿಯುತ್ತಿರುತ್ತದೆ. ಗಾಳಿ ಇಳಿಯುವ ಕಡೆ ಮೋಡ ಕಟ್ಟುವುದಿಲ್ಲ. ಬೇಸಿಗೆಯಲ್ಲಿ ಈ ಒಣ ಪಟ್ಟಿ ಉತ್ತರಕ್ಕೆ ಸರಿದು ಮೆಡಿಟರೇನಿಯನ್ ಸಮುದ್ರದ ಮೇಲೆ ಬಂದು ಕೂರುತ್ತದೆ. ಚಳಿಗಾಲದಲ್ಲಿ ಮತ್ತೆ ದಕ್ಷಿಣಕ್ಕೆ ಹೋಗುತ್ತದೆ. ಆಗ ಪಶ್ಚಿಮದಿಂದ ಬರುವ ಮಳೆಗಾಳಿಗೆ ದಾರಿ ಬಿಡುತ್ತದೆ. ದ್ವೀಪದ ದೊಡ್ಡ ಊರು ಹೆರಾಕ್ಲಿಯೋನ್‌ನಲ್ಲಿ ವರ್ಷಕ್ಕೆ ಸುಮಾರು 480 ಮಿ.ಮೀ. ಮಳೆ. ನಮ್ಮ ಬಯಲುಸೀಮೆಯ ಒಣ ತಾಲ್ಲೂಕುಗಳ ಲೆಕ್ಕ. ಅದರಲ್ಲಿ ಬಹುಪಾಲು ಅಕ್ಟೋಬರಿನಿಂದ ಏಪ್ರಿಲ್ ಒಳಗೆ ಬಿದ್ದು ಮುಗಿಯುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕೊಡೆಯ ಮಾತೇ ಇಲ್ಲ.

ಅಲ್ಲಿನ ಈ ಒಣಗಾಲಕ್ಕೆ ನಮ್ಮ ಮುಂಗಾರಿನ ಕೈಯೂ ಇದೆ. 1996ರಲ್ಲಿ ಮಾರ್ಕ್ ರಾಡ್‌ವೆಲ್ ಮತ್ತು ಬ್ರಯನ್ ಹಾಸ್ಕಿನ್ಸ್ ಎಂಬ ಇಬ್ಬರು ಹವಾಮಾನ ವಿಜ್ಞಾನಿಗಳು ಇದನ್ನು ವಿವರಿಸಿದರು. ಭಾರತದ ಮೇಲೆ ಮಳೆ ಸುರಿಯುವಾಗ ಮೋಡಗಳಲ್ಲಿ ಅಪಾರ ಶಾಖ ಬಿಡುಗಡೆಯಾಗುತ್ತದೆ. ಆ ಶಾಖ ವಾತಾವರಣದಲ್ಲಿ ಎಬ್ಬಿಸುವ ಅಲೆಯಂಥ ಏರುಪೇರು ಪಶ್ಚಿಮದ ಕಡೆಗೂ ಹರಡುತ್ತದೆ. ಅದರಿಂದ ಪೂರ್ವ ಮೆಡಿಟರೇನಿಯನ್ ಮೇಲೆ ಗಾಳಿ ಇನ್ನಷ್ಟು ಜೋರಾಗಿ ಕೆಳಗಿಳಿಯುತ್ತದೆ, ಆಕಾಶ ಇನ್ನಷ್ಟು ಒಣಗುತ್ತದೆ. ಜುಲೈನಲ್ಲಿ ಆಗುಂಬೆಯಲ್ಲಿ ಬಿಡದೆ ಸುರಿಯುವುದಕ್ಕೂ ಕ್ರೀಟ್‌ನಲ್ಲಿ ಒಂದು ಹನಿ ಬೀಳದಿರುವುದಕ್ಕೂ ನಂಟಿದೆ ಅಂದರೆ ನಂಬುವುದು ಕಷ್ಟ, ಅಲ್ವಾ?

ಗಾಳಿಯ ಕಥೆಯೂ ಇಲ್ಲಿಂದಲೇ ಶುರು. ಮುಂಗಾರಿನ ಕಾಲದಲ್ಲಿ ವಾಯವ್ಯ ಭಾರತ, ಪಾಕಿಸ್ತಾನದ ಮೇಲೆ ಏಳುವ ಕಡಿಮೆ ಒತ್ತಡದ ಬಾಲ ಇರಾನ್ ದಾಟಿ ಟರ್ಕಿಯವರೆಗೂ ಚಾಚಿರುತ್ತದೆ. ಅದೇ ಹೊತ್ತಿಗೆ ಬಾಲ್ಕನ್ ದೇಶಗಳ ಮೇಲೆ ಒತ್ತಡ ಜಾಸ್ತಿ. ಈ ಎರಡರ ನಡುವೆ, ಗ್ರೀಸ್ ಮತ್ತು ಟರ್ಕಿ ಮಧ್ಯದ ಏಜಿಯನ್ ಸಮುದ್ರದ ಮೇಲೆ, ಗಾಳಿ ಉತ್ತರದಿಂದ ದಕ್ಷಿಣಕ್ಕೆ ನುಗ್ಗುತ್ತದೆ. ಅದರ ಹೆಸರು ಮೆಲ್ತೆಮಿ. ಜೂನ್ ಹೊತ್ತಿಗೆ ಆರಂಭ, ಜುಲೈ–ಆಗಸ್ಟ್‌ನಲ್ಲಿ ಪೂರಾ ಜೋರು, ಸೆಪ್ಟೆಂಬರಿನಲ್ಲಿ ಇಳಿಕೆ. ಮೋಡ ಇಲ್ಲ, ಗುಡುಗಿಲ್ಲ, ಆಕಾಶ ತಿಳಿಯಾಗಿರುತ್ತದೆ. ಆದರೂ ಕಡಲದಡದಲ್ಲಿ ಹಾಸಿದ ಟವೆಲ್ ಹಾರಿಹೋಗುತ್ತದೆ, ಮರಳು ಮೈಗೆ ಚುಚ್ಚುತ್ತದೆ. ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಗಾಳಿ ಒಂದು ಮಟ್ಟ ಮೀರಿದರೆ ಬಂದರಿನವರು ಹಡಗು ಬಿಡುವುದಿಲ್ಲ. ಮೊದಲು ರದ್ದಾಗುವುದು ಸ್ಯಾಂಟೊರಿನಿ ದ್ವೀಪಕ್ಕೆ ಹೋಗುವಂಥ ವೇಗದ ಸಣ್ಣ ಹಡಗುಗಳು.

ಹಾಗಂತ ಮೆಲ್ತೆಮಿಯನ್ನು ಸುಮ್ನೆ ಬೈಯುವಂತೆಯೂ ಇಲ್ಲ. ಆಗಸ್ಟ್‌ನಲ್ಲಿ ಹೆರಾಕ್ಲಿಯೋನ್‌ನ ಹಗಲಿನ ಉಷ್ಣತೆ ಸರಾಸರಿ 29 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವುದು ಈ ಗಾಳಿಯ ದಯೆಯಿಂದ. ಅದೇ ಹೊತ್ತಿಗೆ ಅಥೆನ್ಸ್ ಅದಕ್ಕಿಂತ ಎಷ್ಟೋ ಹೆಚ್ಚು ಬೇಯುತ್ತಿರುತ್ತದೆ. ಆದರೆ ಒಣಗಿದ ಗುಡ್ಡಕ್ಕೆ ಕಿಡಿ ಬಿದ್ದರೆ ಇದೇ ಗಾಳಿ ಶತ್ರು. 2025ರ ಜುಲೈ ಮೊದಲ ವಾರ ಕ್ರೀಟ್ ದಕ್ಷಿಣ ಕರಾವಳಿಯ ಇಯೆರಾಪೆತ್ರಾ ಬಳಿ ಹತ್ತಿದ ಬೆಂಕಿ ಗಾಳಿಯ ಹೊಡೆತಕ್ಕೆ ಊರುಗಳ ಅಂಚಿಗೇ ಬಂತು. ಸಾವಿರಾರು ಜನರನ್ನು, ಹೋಟೆಲಿನ ಪ್ರವಾಸಿಗಳನ್ನೂ ಸೇರಿಸಿ, ತೆರವು ಮಾಡಬೇಕಾಯಿತು.

ಇನ್ನೊಂದು ವಿಷಯ ನಕ್ಷೆ ನೋಡಿದರೆ ಅರ್ಥವಾಗುತ್ತದೆ. ಕ್ರೀಟ್ ಪೂರ್ವ–ಪಶ್ಚಿಮವಾಗಿ ಸುಮಾರು 260 ಕಿ.ಮೀ. ಉದ್ದ. ಅಗಲ ಎಲ್ಲೂ 60 ಕಿ.ಮೀ. ದಾಟುವುದಿಲ್ಲ. ನಡುವೆ ಬೆಟ್ಟಗಳ ಸಾಲು. ಸಿಲೊರಿಟಿಸ್ ಶಿಖರದ ಎತ್ತರ 2,456 ಮೀಟರ್. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ ಐನೂರು ಮೀಟರಿಗೂ ಹೆಚ್ಚು, ಅದೂ ಕಡಲ ಪಕ್ಕದಲ್ಲೇ. ಈ ಗೋಡೆಯ ಉತ್ತರಕ್ಕೆ ಒಂದು ಹವೆ, ದಕ್ಷಿಣಕ್ಕೆ ಇನ್ನೊಂದು. ಖಾನಿಯಾ, ರೆಥಿಮ್ನೊ, ಹೆರಾಕ್ಲಿಯೋನ್ ಮೂರೂ ಉತ್ತರ ಕರಾವಳಿಯಲ್ಲಿವೆ. ಮೆಲ್ತೆಮಿ ಮೊದಲು ಬಡಿಯುವುದು ಇವಕ್ಕೆ. ದಕ್ಷಿಣದ ಊರುಗಳು ಒಣ, ಬಿಸಿಲು ಜಾಸ್ತಿ, ಚಳಿಗಾಲದಲ್ಲೂ ಬೆಚ್ಚಗೆ. ಅಲ್ಲಿಯೂ ಕಣಿವೆಗಳ ಬಾಯಿಂದ ಗಾಳಿ ಇದ್ದಕ್ಕಿದ್ದಂತೆ ನುಗ್ಗುವ ಜಾಗಗಳಿವೆ, ಪ್ಲಾಕಿಯಾಸ್ ಅದಕ್ಕೆ ಹೆಸರುವಾಸಿ. ಪಲಿಯೊಖೋರಾ ಎಂಬ ಪುಟ್ಟ ಊರು ಭೂಶಿರದ ಮೇಲಿದೆ. ಅದಕ್ಕೆ ಪಶ್ಚಿಮಕ್ಕೊಂದು ಮರಳಿನ ದಡ, ಪೂರ್ವಕ್ಕೊಂದು ಬೆಣಚುಕಲ್ಲಿನ ದಡ. ಒಂದು ಕಡೆ ಗಾಳಿ ಇದ್ದರೆ ಇನ್ನೊಂದು ಕಡೆಗೆ ನಡೆದು ಹೋದರಾಯಿತು. ಬೇಸಿಗೆಯ ನಡುವೆಯೇ ಹೋಗಲೇಬೇಕು ಎನ್ನುವವರು ಇಂಥ ಊರು ಆರಿಸಿಕೊಳ್ಳುವುದು ಜಾಣತನ.

ಸಮುದ್ರ ನಿಧಾನ

ಗಾಳಿ ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಹಾಗಲ್ಲ. ಬಚ್ಚಲ ಹಂಡೆಯ ಒಲೆ ಹಚ್ಚಿದ ತಕ್ಷಣ ನೀರು ಕಾಯುವುದಿಲ್ಲ, ಉರಿ ಆರಿಸಿದ ಮೇಲೂ ಎಷ್ಟೋ ಹೊತ್ತು ಬಿಸಿಯಾಗೇ ಇರುತ್ತದೆ. ಸಮುದ್ರ ಅಂಥದ್ದೇ ದೊಡ್ಡ ಹಂಡೆ. ಸೂರ್ಯ ನೆತ್ತಿಯ ಹತ್ತಿರ ಬರುವುದು ಜೂನ್ ಕೊನೆಗೆ. ಆದರೆ ಕ್ರೀಟ್‌ನ ಕಡಲು ಅತಿ ಬೆಚ್ಚಗಿರುವುದು ಆಗಸ್ಟ್‌ನಲ್ಲಿ, ಸುಮಾರು 26 ಡಿಗ್ರಿ. ಸೆಪ್ಟೆಂಬರಿನಲ್ಲೂ ಹೆಚ್ಚೂಕಡಿಮೆ ಅಷ್ಟೇ. ಅಕ್ಟೋಬರಿನಲ್ಲಿ 23–24. ಅತಿ ತಣ್ಣಗಿರುವುದು ಫೆಬ್ರವರಿ–ಮಾರ್ಚ್‌ನಲ್ಲಿ, 16ರ ಆಸುಪಾಸು. ಮೇ ತಿಂಗಳಿಗೆ 19–20ಕ್ಕೆ ಏರುತ್ತದೆ.

ಈಗ ಮೇ ಮತ್ತು ಅಕ್ಟೋಬರ್ ಎರಡನ್ನೂ ಪಕ್ಕಪಕ್ಕ ಇಡಿ. ಎರಡರಲ್ಲೂ ಹೆರಾಕ್ಲಿಯೋನ್‌ನ ಹಗಲು 24 ಡಿಗ್ರಿ ಹತ್ತಿರ. ದಡದ ಮೇಲೆ ಕೂತವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನೀರಿಗಿಳಿದರೆ ಮಾತ್ರ ನಾಲ್ಕು ಡಿಗ್ರಿಯ ಅಂತರ. ಯುರೋಪಿನವರು ಬರೆದ ಪ್ರವಾಸಿ ಕೈಪಿಡಿಗಳಲ್ಲಿ ‘ಮೇ ತಿಂಗಳಿನಿಂದ ಈಜಬಹುದು’ ಅಂತ ಇರುತ್ತದೆ. ಅವರಿಗೆ ಸರಿ. ಬಾಲ್ಟಿಕ್ ಸಮುದ್ರದಲ್ಲಿ ಈಜಿ ಅಭ್ಯಾಸ ಇದ್ದವರಿಗೆ 20 ಡಿಗ್ರಿ ಸುಖವೇ. ಆದರೆ ಮಲ್ಪೆ, ಗೋಕರ್ಣದಲ್ಲಿ 28–30 ಡಿಗ್ರಿಯ ನೀರಿಗೆ ಒಗ್ಗಿದ ನಮ್ಮ ಮಕ್ಕಳು ಮೇ ತಿಂಗಳ ಕ್ರೀಟ್‌ನಲ್ಲಿ ಮೊಣಕಾಲು ಮುಳುಗುವ ಮೊದಲೇ ಓಡಿಬರುತ್ತಾರೆ. ಸಮುದ್ರಕ್ಕೇ ಅಂತ ಹೋಗುವುದಾದರೆ ಬೇಸಿಗೆ ರಜೆ ಬೇಡ, ದಸರಾ ರಜೆ ಇಟ್ಟುಕೊಳ್ಳಿ. ಈ ಒಂದು ತೀರ್ಮಾನ ಮಾಡಿಕೊಂಡರೆ ಉಳಿದದ್ದು ಸುಲಭ.

ಏಪ್ರಿಲ್–ಮೇ: ನಡೆಯುವವರ ಕಾಲ

ಹಾಗಾದರೆ ಬೇಸಿಗೆ ರಜೆಗೆ ಹೋದವರಿಗೆ ಏನಿದೆ? ನೆಲದ ಮೇಲೆ ನೋಡುವುದೆಲ್ಲ ಇದೆ. ಚಳಿಗಾಲದ ಮಳೆ ಕುಡಿದ ದ್ವೀಪ ಮಾರ್ಚ್ ಕೊನೆಯಿಂದ ಹೂ ಬಿಡುತ್ತದೆ. ಕ್ರೀಟ್‌ನಲ್ಲಿ ಸುಮಾರು 1,700ಕ್ಕೂ ಹೆಚ್ಚು ಜಾತಿಯ ಕಾಡುಗಿಡಗಳಿವೆ. ಅವುಗಳಲ್ಲಿ ಹತ್ತರಲ್ಲೊಂದು ಬೇರೆಲ್ಲೂ ಸಿಗುವುದಿಲ್ಲ. ಆಗಸ್ಟ್‌ನಲ್ಲಿ ಹೋದವರು ನೋಡುವುದು ಕಂದುಬಣ್ಣದ ಗುಡ್ಡ, ಏಪ್ರಿಲ್‌ನಲ್ಲಿ ಹೋದವರು ನೋಡುವುದು ಅದೇ ಗುಡ್ಡದ ಮೇಲೆ ಕೆಂಪು ಗಸಗಸೆ ಹೂ, ಕಾಡು ಆರ್ಕಿಡ್. ಖಾನಿಯಾದ ಹಿಂದೆ ಲೆಫ್ಕಾ ಓರಿ, ಅಂದರೆ ಬಿಳಿ ಬೆಟ್ಟಗಳ ಮೇಲೆ ಮೇ ತಿಂಗಳಲ್ಲೂ ಹಿಮದ ತೇಪೆಗಳು ಕಾಣುತ್ತವೆ.

ಸಮರಿಯಾ ಕಣಿವೆಯ ನಡಿಗೆಗಾಗಿಯೇ ಎಷ್ಟೋ ಜನ ಕ್ರೀಟ್‌ಗೆ ಬರುತ್ತಾರೆ. ಸುಮಾರು 1,200 ಮೀಟರ್ ಎತ್ತರದ ಕ್ಸಿಲೊಸ್ಕಾಲೊದಿಂದ ಇಳಿಯುತ್ತಾ ಇಳಿಯುತ್ತಾ 16 ಕಿ.ಮೀ. ನಡೆದರೆ ದಕ್ಷಿಣದ ಅಗಿಯಾ ರುಮೆಲಿಯಲ್ಲಿ ಕಡಲು ಸಿಗುತ್ತದೆ. ಒಂದು ಕಡೆ ಬಂಡೆಗಳ ನಡುವಿನ ಜಾಗ ಕೆಲವೇ ಮೀಟರ್. ಕೊನೆಯಲ್ಲಿ ರಸ್ತೆ ಇಲ್ಲ, ದೋಣಿ ಹಿಡಿದೇ ಮುಂದೆ ಹೋಗಬೇಕು. ಇದು 1962ರಿಂದ ರಾಷ್ಟ್ರೀಯ ಉದ್ಯಾನ. ಸಾಮಾನ್ಯವಾಗಿ ಮೇ ಆರಂಭದಲ್ಲಿ ತೆರೆದು ಅಕ್ಟೋಬರ್ ಕೊನೆಗೆ ಮುಚ್ಚುತ್ತಾರೆ. ತೆರೆಯುವ ದಿನ ಆ ವರ್ಷದ ಹಿಮ, ತೊರೆಯ ನೀರು ನೋಡಿಕೊಂಡು ಹಿಂದೆಮುಂದೆ ಆಗುತ್ತದೆ. ಹಾಗಾಗಿ ಏಪ್ರಿಲ್ ಮೂರನೇ ವಾರ ಹೋಗಿ ಸಮರಿಯಾ ನಡೆಯುತ್ತೇನೆ ಅಂದರೆ ಆಗುವುದಿಲ್ಲ. ಇಂಬ್ರೊಸ್ ಎಂಬ ಚಿಕ್ಕ ಕಣಿವೆಗೆ ಹೋಗಿ ಸಮಾಧಾನ ಮಾಡಿಕೊಳ್ಳಬಹುದು. ಮೇ ಎರಡನೇ ವಾರದ ನಂತರ ಆದರೆ ಸಮರಿಯಾನೇ ಸಿಗುತ್ತದೆ, ತೊರೆಯಲ್ಲಿ ನೀರೂ ಇರುತ್ತದೆ.

ಹೆರಾಕ್ಲಿಯೋನ್ ಹತ್ತಿರದ ಪ್ರಾಚೀನ ಕ್ನೊಸೋಸ್ ಅರಮನೆಯ ಅವಶೇಷಕ್ಕೂ ಇದೇ ಕಾಲ ಹಿತ. 1900ರಲ್ಲಿ ಆರ್ಥರ್ ಇವಾನ್ಸ್ ಎಂಬ ಬ್ರಿಟಿಷ್ ಪುರಾತತ್ವಜ್ಞ ಅಗೆಯಲು ಶುರುಮಾಡಿದ ಜಾಗ ಅದು. ನೆರಳು ಬಹಳ ಕಡಿಮೆ. ಕಲ್ಲು ಕಾದರೆ ನಿಲ್ಲಲಾಗುವುದಿಲ್ಲ. ರಾಯಚೂರು, ಕಲಬುರಗಿಯವರು 29 ಡಿಗ್ರಿ ಅಂದರೆ ನಗಬಹುದು. ಆದರೆ ಅಲ್ಲೂ ಬಿಸಿಗಾಳಿ ಬೀಸುವ ವಾರಗಳಿರುತ್ತವೆ, ಆಗ ಸರಾಸರಿ ಲೆಕ್ಕಕ್ಕೆ ಬರುವುದಿಲ್ಲ. 2023ರ ಜುಲೈನಲ್ಲಿ ಬಿಸಿಲು ತಡೆಯಲಾರದೆ ಅಥೆನ್ಸ್‌ನ ಪ್ರಾಚೀನ ದೇಗುಲಗಳ ಗುಡ್ಡ ಆಕ್ರೊಪೊಲಿಸ್ಸನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು.

ವಸಂತಕ್ಕೆ ಒಂದು ಕಾಟ ಇದೆ: ಆಫ್ರಿಕಾದಿಂದ ಬರುವ ದಕ್ಷಿಣದ ಗಾಳಿ. ಅದು ಸಹಾರಾದ ಧೂಳು ಹೊತ್ತು ತರುತ್ತದೆ. 2018ರ ಮಾರ್ಚ್ 22ರಂದು ಕ್ರೀಟ್‌ನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಈ ಗಾಳಿ ಬೆಟ್ಟ ಹತ್ತಿ ಉತ್ತರಕ್ಕೆ ಇಳಿಯುವಾಗ ಇನ್ನಷ್ಟು ಕಾಯುತ್ತದೆ. ಹಾಗಾಗಿ ಏಪ್ರಿಲ್‌ನಲ್ಲೇ ಹೆರಾಕ್ಲಿಯೋನ್‌ನಲ್ಲಿ ಒಂದೆರಡು ದಿನ 30 ಡಿಗ್ರಿ ದಾಟಿ, ಮರುದಿನ ಸ್ವೆಟರ್ ಹಾಕುವಂತಾಗುವುದೂ ಉಂಟು. ಅಸ್ತಮಾ ಇರುವವರು ಮೇ ತಿಂಗಳನ್ನೇ ನೆಚ್ಚಿಕೊಳ್ಳುವುದು ಮೇಲು.

ಊಟದ ವಿಷಯ ಯಾರೂ ಹೇಳುವುದಿಲ್ಲ, ಸಸ್ಯಾಹಾರಿಗಳಿಗೆ ಅದು ಮುಖ್ಯ. ಗ್ರೀಸ್‌ನ ಈಸ್ಟರ್ ಲೆಕ್ಕ ಹಳೆಯ ಜೂಲಿಯನ್ ಪಂಚಾಂಗದ್ದು. 2027ರಲ್ಲಿ ಅದು ಮೇ 2ಕ್ಕೆ, 2028ರಲ್ಲಿ ಏಪ್ರಿಲ್ 16ಕ್ಕೆ. ಅದರ ಹಿಂದಿನ ನಲವತ್ತು ಚಿಲ್ಲರೆ ದಿನ ನೇಮದವರು ಮಾಂಸ, ಮೊಟ್ಟೆ, ಹಾಲು ಏನನ್ನೂ ಮುಟ್ಟುವುದಿಲ್ಲ. ಟವೆರ್ನಾ ಎಂಬ ಊಟದ ಮನೆಗಳಲ್ಲಿ ಆಗ ‘ನಿಸ್ತಿಸಿಮಾ’, ಅಂದರೆ ಉಪವಾಸದ ಅಡುಗೆಗಳು ಸಲೀಸಾಗಿ ಸಿಗುತ್ತವೆ: ಬೇಯಿಸಿದ ಕಾಡುಸೊಪ್ಪಿಗೆ ಎಣ್ಣೆ–ನಿಂಬೆ ಹಿಂಡಿದ್ದು, ದಪ್ಪ ಬಿಳಿ ಅವರೆಯ ಗೊಜ್ಜಿನಂಥದ್ದು, ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ. ಒಂದು ಎಚ್ಚರ: ಆಕ್ಟೋಪಸ್, ಸೀಗಡಿ, ಚಿಪ್ಪುಮೀನು ಅವರ ಉಪವಾಸಕ್ಕೆ ಅಡ್ಡಿ ಇಲ್ಲ. ಕೇಳಿಯೇ ತರಿಸಿಕೊಳ್ಳಿ. ಈಸ್ಟರ್ ದಿನ ಊರೆಲ್ಲ ಕುರಿ ಸುಡುವ ಹೊಗೆ. ನೋಡಲು ಬಹಳ ಚೆನ್ನಾದ ಹಬ್ಬ, ನಡುರಾತ್ರಿ ಎಲ್ಲರ ಕೈಯಲ್ಲೂ ಮೇಣದಬತ್ತಿ. ಆದರೆ ಆ ವಾರ ಗ್ರೀಕರೇ ಊರಿಗೆ ಹೋಗುವುದರಿಂದ ಹಡಗು, ವಿಮಾನ ಎರಡೂ ಭರ್ತಿ.

ಸೆಪ್ಟೆಂಬರ್–ಅಕ್ಟೋಬರ್: ಕಡಲಿನ ಕಾಲ

ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೂರನೇ ವಾರದಿಂದ ಅಕ್ಟೋಬರ್ ಎರಡನೇ ವಾರದವರೆಗೆ. ಮೆಲ್ತೆಮಿ ಸುಸ್ತಾಗಿರುತ್ತದೆ, ನೀರು ಇನ್ನೂ ಬೆಚ್ಚಗೆ, ಯುರೋಪಿನ ಮಕ್ಕಳು ಶಾಲೆಗೆ ವಾಪಸ್. ಆಗಸ್ಟ್‌ನಲ್ಲಿ ಬೆಳಿಗ್ಗೆಯೇ ಕಾರು ನಿಲ್ಲಿಸಲು ಒದ್ದಾಡಬೇಕಾದ ಎಲಫೊನಿಸಿ, ಬಾಲೊಸ್ ದಡಗಳಲ್ಲಿ ಈಗ ಉಸಿರಾಡಲು ಜಾಗ ಇರುತ್ತದೆ. ಅಂಗಡಿ, ಹೋಟೆಲು, ದೋಣಿ ಎಲ್ಲವೂ ನಡೆಯುತ್ತಿರುತ್ತವೆ. ಸಮರಿಯಾ ಕೂಡ ತೆರೆದಿರುತ್ತದೆ. ಹೂ ಮಾತ್ರ ಇರುವುದಿಲ್ಲ, ಗುಡ್ಡ ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಅದರ ಬದಲಿಗೆ ಹಳ್ಳಿಗಳಲ್ಲಿ ಇನ್ನೊಂದು ಸಡಗರ. ದ್ರಾಕ್ಷಿ ಹಿಂಡಿದ ಮೇಲೆ ಉಳಿದ ಸಿಪ್ಪೆಯಿಂದ ತಾಮ್ರದ ಭಟ್ಟಿಯಲ್ಲಿ ರಾಕಿ ಎಂಬ ಮದ್ಯ ಇಳಿಸುವುದು ಅಕ್ಟೋಬರ್ ನಡುವಿನಿಂದ ಶುರು. ಆಲಿವ್ ಕೊಯ್ಲು ಅದಾದ ಮೇಲೆ, ನವೆಂಬರ್‌ನಿಂದ.

ಅಪಾಯ ಎಲ್ಲಿದೆ ಅಂದರೆ ಅದೇ ಬೆಚ್ಚಗಿನ ನೀರಿನಲ್ಲಿ. ಮೇಲಿನಿಂದ ತಣ್ಣನೆ ಗಾಳಿ ಬಂದಾಗ ಕೆಳಗಿನ ಬಿಸಿ ನೀರು ಆವಿಯಾಗಿ ದೊಡ್ಡ ಮೋಡ ಕಟ್ಟುತ್ತದೆ. ವಾರಗಟ್ಟಲೆ ಬರದ ಮಳೆ ಒಂದೇ ತಾಸಿನಲ್ಲಿ ಸುರಿಯಬಹುದು. 2022ರ ಅಕ್ಟೋಬರ್ 15ರಂದು ಹೆರಾಕ್ಲಿಯೋನ್ ಹತ್ತಿರದ ಅಗಿಯಾ ಪೆಲಾಗಿಯಾದಲ್ಲಿ ಹೀಗೇ ಆಗಿ, ಬೀದಿಯಲ್ಲಿ ನಿಂತಿದ್ದ ಕಾರುಗಳು ಕೊಚ್ಚಿಕೊಂಡು ಕಡಲಿಗೆ ಹೋದವು. ಇದು ಪ್ರತಿವರ್ಷದ ಕಥೆ ಅಲ್ಲ. ಆದರೆ ಅಕ್ಟೋಬರ್ ಕಳೆಯುತ್ತಾ ಹೋದಂತೆ ಇಂಥ ದಿನಗಳ ಸಾಧ್ಯತೆ ಏರುತ್ತದೆ. ಮಳೆಯ ಮುನ್ಸೂಚನೆ ಇದ್ದ ದಿನ ಕಣಿವೆಗೆ ಇಳಿಯಲೇಬಾರದು. ಸಮರಿಯಾದಲ್ಲಾದರೆ ಅವರೇ ಬಾಗಿಲು ಹಾಕುತ್ತಾರೆ, ಕಾವಲಿಲ್ಲದ ಸಣ್ಣ ಕಣಿವೆಗಳಲ್ಲಿ ನಮ್ಮ ಬುದ್ಧಿಯೇ ಕಾವಲು.

ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ. ಅಲ್ಲಿಂದ ಕ್ರೀಟ್‌ನಲ್ಲಿ ಸಂಜೆ ಐದೂವರೆಗೇ ಸೂರ್ಯ ಮುಳುಗುತ್ತಾನೆ. ಹೊರದೇಶಗಳಿಂದ ನೇರ ಬರುವ ಚಾರ್ಟರ್ ವಿಮಾನಗಳೂ ಆ ಹೊತ್ತಿಗೆ ನಿಲ್ಲುತ್ತವೆ. ಕಡಲದಡದ ರೆಸಾರ್ಟ್ ಊರುಗಳು ಕುರ್ಚಿ ಮಡಚಿ ಏಪ್ರಿಲ್‌ವರೆಗೆ ಮಲಗುತ್ತವೆ.

ಹಾಗಾದರೆ ಚಳಿಗಾಲ ಬೇಡವೇ? ಖಾನಿಯಾ, ಹೆರಾಕ್ಲಿಯೋನ್ ಜನ ವಾಸ ಇರುವ ನಿಜವಾದ ಪಟ್ಟಣಗಳು, ಅವು ಮಲಗುವುದಿಲ್ಲ. ಮ್ಯೂಸಿಯಂ, ಕ್ನೊಸೋಸ್ ತೆರೆದಿರುತ್ತವೆ, ಸಾಲು ಇರುವುದಿಲ್ಲ. ಹಡಗು ಅಥೆನ್ಸ್‌ನ ಪಿರೆಯಸ್ ಬಂದರಿನಿಂದ ವರ್ಷವಿಡೀ ರಾತ್ರಿಯಿಡೀ ಓಡುತ್ತದೆ. ಗ್ರೀಸ್‌ನಲ್ಲಿ ತಂಗುವವರಿಗೆ ಹಾಕುವ ಹವಾಮಾನ ತೆರಿಗೆಯೂ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಡಿಮೆ. ಚಳಿ ಎಷ್ಟು ಅಂದರೆ ಜನವರಿಯಲ್ಲಿ ಬೆಂಗಳೂರಿನ ರಾತ್ರಿಯ ಕನಿಷ್ಠ ಎಷ್ಟಿರುತ್ತದೋ ಅಲ್ಲಿನ ಮಧ್ಯಾಹ್ನದ ಗರಿಷ್ಠ ಅಷ್ಟೇ, 15–16 ಡಿಗ್ರಿ. ಇತಿಹಾಸದ ಹುಚ್ಚಿರುವವರಿಗೆ ಅಡ್ಡಿಯಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಅಷ್ಟು ದೂರ ಹೋಗಿ ಮಳೆ ನೋಡುವವರಿಗೆ ನಾನು ಹೇಳುವುದಿಲ್ಲ.

ಈ ಲೆಕ್ಕವನ್ನು ಬೇರೆ ದ್ವೀಪಕ್ಕೆ ಹಾಗೇ ಎತ್ತಿಡಬೇಡಿ. ಕ್ರೀಟ್ ಇರುವುದು 35 ಡಿಗ್ರಿ ಉತ್ತರದಲ್ಲಿ, ಮೆಡಿಟರೇನಿಯನ್‌ನ ದಕ್ಷಿಣದ ಅಂಚಿನ ಹತ್ತಿರ. ಅಲ್ಲಿಗಿಂತ ಎಷ್ಟೋ ಉತ್ತರಕ್ಕಿರುವ ಕಾರ್ಸಿಕಾದಲ್ಲಿ ಚಳಿ ಬೇಗ ಬರುತ್ತದೆ, ಅಲ್ಲಿಗೆ ದಸರಾ ರಜೆ ತಡವಾಯಿತು. ಸೈಪ್ರಸ್‌ಗೆ ಕ್ರೀಟ್‌ನ ಲೆಕ್ಕವನ್ನೇ ಒಂದೆರಡು ವಾರ ಮುಂದಕ್ಕೆ ಎಳೆಯಬಹುದು.

ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಮೇ ತಿಂಗಳ ಪ್ರವಾಸಕ್ಕೆ ನವೆಂಬರ್‌ನಲ್ಲೇ ಕೂತು ಯೋಚಿಸಿ, ಯಾಕೆಂದರೆ ಬೇಸಿಗೆ ರಜೆಗೆ ಯುರೋಪಿಗೆ ಹೊರಡುವವರೆಲ್ಲ ಅದೇ ಅಪಾಯಿಂಟ್‌ಮೆಂಟಿಗೆ ಮುಗಿಬೀಳುತ್ತಾರೆ. ದಸರಾ ಪ್ರವಾಸಕ್ಕೆ ಏಪ್ರಿಲ್‌ನಿಂದ ಸಮಯ ಇರುತ್ತದೆ. ಒಂದೇ ತೊಡಕು, ದಸರಾ ಒಂದು ವರ್ಷ ಸೆಪ್ಟೆಂಬರ್ ಕೊನೆಗೆ ಬಂದರೆ ಇನ್ನೊಂದು ವರ್ಷ ಅಕ್ಟೋಬರ್ ನಡುವಿಗೆ ಜಾರುತ್ತದೆ. ಬೇಗ ಬರುವ ವರ್ಷ ಉತ್ತರ ಕರಾವಳಿಯಲ್ಲೇ ಇರಬಹುದು. ತಡವಾಗಿ ಬರುವ ವರ್ಷ ದಕ್ಷಿಣಕ್ಕೆ, ಪಲಿಯೊಖೋರಾ ಅಥವಾ ಇಯೆರಾಪೆತ್ರಾ ಕಡೆಗೆ ಹೋಗಿ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಈ ಸ್ವಾತಂತ್ರ್ಯ ಇಲ್ಲ, ಮಕ್ಕಳ ಶಾಲೆಯ ರಜೆಯೇ ಅಂತಿಮ. ಅವರಿಗೆ ಆಗಸ್ಟ್ ಬಿಟ್ಟರೆ ಮುಖ್ಯವಾಗಿ ಉಳಿಯುವುದು ಎರಡು ಹಾಫ್ ಟರ್ಮ್, ಅಂದರೆ ಶಾಲೆಯ ಅವಧಿಯ ನಡುವಿನ ವಾರದ ರಜೆಗಳು: ಮೇ ಕೊನೆಯ ವಾರ, ಅಕ್ಟೋಬರ್ ಕೊನೆಯ ವಾರ. ಅಕ್ಟೋಬರಿನದಕ್ಕೆ ಟಿಕೆಟ್ ಅಗ್ಗ ಕಾಣಬಹುದು, ಸಮುದ್ರವೂ ಮೇಗಿಂತ ಬೆಚ್ಚಗೆ. ಆದರೆ ಬಾಗಿಲು ಹಾಕುತ್ತಿರುವ ಹೋಟೆಲು, ಐದೂವರೆಯ ಕತ್ತಲು, ಸಮರಿಯಾ ಇಂದೋ ನಾಳೆಯೋ ಮುಚ್ಚುವ ಸ್ಥಿತಿ. ಮೇ ಕೊನೆಗೆ ನೀರು 20–21 ಡಿಗ್ರಿ. ಬ್ರೈಟನ್ ಕಡಲಿಗೆ ಇಳಿದು ಅಭ್ಯಾಸ ಆಗಿರುವ ಆ ಮಕ್ಕಳಿಗೆ ಅದು ಏನೂ ಅಲ್ಲ. ಅವರು ಮೇ ತಿಂಗಳನ್ನೇ ಆರಿಸಿಕೊಳ್ಳಲಿ.